ಟೆಸ್ಟಿಂಗ್ ಪದ್ಯದ ಕಾಸಿಂ

ಸುಳ್ಯ, ಪುತ್ತೂರು, ಕಡಬದ ಕಡೆ ಮದುವೆ ಊಟಕ್ಕೆ ಹೋಗಿ ಅಭ್ಯಾಸವಿರುವವರಿಗೆಲ್ಲ ಒಂದು ಹಾಡಿನ ಆರಂಭ ಬಾಯಿಪಾಠ ಬರುತ್ತದೆ. ಅದರ ಮುಂದೆ ಏನುಂಟು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಮೊದಲು ಡ್ರಮ್ ಒಂದೇ ಬರುತ್ತದೆ, ಅಟ್ಟದ ಮೇಲೆ ಯಾರೋ ಭಾರದ ಹೆಜ್ಜೆ ಇಟ್ಟು ನಡೆದ ಹಾಗೆ. ಆಮೇಲೆ ದಪ್ಪ ತಂತಿಯ ಗಿಟಾರ್ ಸೇರಿಕೊಳ್ಳುತ್ತದೆ. ಆಮೇಲೆ ಒಬ್ಬ ಹುಡುಗನ ಗಂಟಲು, ಸ್ವಲ್ಪ ಶೀತ ಹಿಡಿದಂಥದ್ದು:

ಹೋಗುವವಳೇ ತಡಿ, ಗೇಟಿನ ಹತ್ರ ತಡಿ,
ಹೇಳ್ಲಿಕ್ಕೆ ಇನ್ನೂ ಒಂದು ಮಾತು ಉಂಟು...

ಅಷ್ಟಕ್ಕೆ ಹಾಡು ತುಂಡಾಗುತ್ತದೆ. "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎನ್ನುವ ಇನ್ನೊಂದು ಗಂಟಲು ಬರುತ್ತದೆ. ಅದು ಜಾಲ್ಸೂರಿನ ಕಾಸಿಮನದು. ಮೈಕು, ಸ್ಪೀಕರು, ಮಾರುದ್ದದ ವಯರುಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಮದುವೆ, ಕಬಡ್ಡಿ, ಗೃಹಪ್ರವೇಶ, ಉರೂಸ್ ಎಂದು ಊರೂರು ಸುತ್ತುವ ಕಾಸಿಂ ಸೌಂಡ್ಸಿನ ಕಾಸಿಂ.

ಅವನ ಬಗ್ಗೆ ಹೇಳುವಾಗ ಮೊದಲಿಗೆ ಹೇಳಬೇಕಾದ್ದು ಅವನ ಕಿವಿಯ ಬಗ್ಗೆ. ಅವನಿಗೆ ಹಾಡಲು ಬರುವುದಿಲ್ಲ. ಗುನುಗಿದರೂ ಹೆಂಡತಿ ರಸೀನಾ ಕಿಟಕಿ ಹಾಕುತ್ತಾಳೆ. ಆದರೆ ಸಭಾಂಗಣದೊಳಗೆ ಬಂದು ಒಮ್ಮೆ ಕೈ ತಟ್ಟಿದರೆ ಸಾಕು, ಯಾವ ಮೂಲೆಯಲ್ಲಿ ಮಾತು ಕಲಸಿಹೋಗುತ್ತದೆ, ಎಲ್ಲಿ ಕುಳಿತ ಅಜ್ಜಿಗೆ ಮಂತ್ರ ಕೇಳಿಸುವುದಿಲ್ಲ ಎಂದು ಹೇಳಿಬಿಡುತ್ತಾನೆ. ತಂದೆಗೆ ಜಾಲ್ಸೂರಿನಲ್ಲಿ ಸೈಕಲ್ ಅಂಗಡಿ ಇತ್ತು. ಮಗ ಪಂಕ್ಚರು ಹಾಕುವುದು ಬಿಟ್ಟು ಗಿರಾಕಿಗಳ ರೇಡಿಯೋ ಬಿಚ್ಚುತ್ತಿದ್ದ. ಎಲ್ಲರ ಹಾಗೆ ಗಲ್ಫಿಗೂ ಹೋಗಿ ಬಂದ. "ಅಲ್ಲಿ ಎಲ್ಲ ಉಂಟು, ಶಬ್ದ ಮಾತ್ರ ಒಣಗಿದ್ದು" ಎಂದು ಹೇಳಿ ವಾಪಸು ಬಂದವನು ಇಡೀ ತಾಲೂಕಿನಲ್ಲಿ ಅವನೊಬ್ಬನೇ ಇರಬೇಕು. ಬರುವಾಗ ಚಿನ್ನ ತರಲಿಲ್ಲ, ಎರಡು ದೊಡ್ಡ ಸ್ಪೀಕರು ತಂದ.

ಆ ಸ್ಪೀಕರುಗಳನ್ನು ಪರೀಕ್ಷೆ ಮಾಡಲು ಒಂದು ಒಳ್ಳೆಯ ಸೀಡಿ ಬೇಕೆಂದು ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದದ್ದೇ ಅವನ ಬಾಳಿನ ದೊಡ್ಡ ಪ್ರಯಾಣ. ಭಕ್ತಿಗೀತೆಗಳ ಸಾಲಿನಲ್ಲಿ 'ಹೊಳೆ ದಾಟುವಾಗ' ಎಂಬ ಸೀಡಿ ಇತ್ತು. ಹೊದಿಕೆಯ ಮೇಲೆ ತೂಗುಸೇತುವೆ, ಅದರ ಮೇಲೆ ಬೆನ್ನು ಹಾಕಿ ನಿಂತ ನಾಲ್ವರು, ಕೆಳಗೆ 'ನಾಲ್ಕನೇ ಗೇರ್' ಎಂದು ತಂಡದ ಹೆಸರು. ಹೊಳೆ ದಾಟುವುದು ಎಂದರೆ ಸಂಸಾರಸಾಗರ ದಾಟುವುದೇ ಇರಬೇಕು ಎಂದುಕೊಂಡು ಅಂಗಡಿಯವನು ಅದನ್ನು ದೇವರ ಪಕ್ಕ ಇಟ್ಟಿದ್ದ. ಭಜನೆಯೆಂದು ಕೊಂಡುಹೋದ ಹಿರಿಯರೊಬ್ಬರು ಮರುದಿನವೇ ತಂದು ಮೇಜಿನ ಮೇಲೆ ಕುಕ್ಕಿ ಹೋಗಿದ್ದರಂತೆ. "ಬೇಕಾದರೆ ತಕೊಂಡು ಹೋಗಿ ಮಾರಾಯ್ರೆ, ಇದು ಹೋಗುವ ಮಾಲಲ್ಲ" ಎಂದ ಅಂಗಡಿಯವನು.

ಹೋಗುವ ಮಾಲಲ್ಲ ಎಂಬುದು ನಿಜವಾಗಿತ್ತು. ಹಿರಿಯರಿಗೆ ಅದು ಬೊಬ್ಬೆಯಾಯಿತು. ಹುಡುಗರಿಗೆ, ಗಿಟಾರ್ ಹೊಡೆದು ಇಂಗ್ಲಿಷಿನಲ್ಲಿ ಕಿರುಚದೆ ನಮ್ಮ ಪೇಟೆಯ ಕನ್ನಡದಲ್ಲಿ ಹಾಡಿದ್ದು ಮರ್ಯಾದೆಗೆ ಕಡಿಮೆಯಾಯಿತು. ಸಿನಿಮಾ ಹಾಡೂ ಅಲ್ಲ, ಭಾವಗೀತೆಯೂ ಅಲ್ಲ. ಅತ್ತ ದರಿ, ಇತ್ತ ಪುಲಿ. ತಂಡದವರು ದಿಕ್ಕಿಗೊಬ್ಬರಂತೆ ಚದುರಿಹೋದರು.

ಕಾಸಿಂ ಮೊದಲು ಅದನ್ನು ಹಾಡೆಂದು ಕೇಳಲೇ ಇಲ್ಲ, ಕೆಲಸದ ಹತ್ಯಾರವೆಂದು ಕೇಳಿದ. ಅದರಲ್ಲಿ ಪ್ರತಿಯೊಂದು ವಾದ್ಯವೂ ಬೇರೆ ಬೇರೆ ಕುರ್ಚಿ ಹಾಕಿ ಕುಳಿತಿತ್ತು. ಮೊದಲ ಹಾಡಿನಲ್ಲಿ ಡ್ರಮ್ ಸರಿಯಾಗಿ ಎದೆಗೆ ಬಡಿದರೆ ಕೆಳಗಿನ ಸ್ಪೀಕರು ಸರಿ ಇದೆ ಎಂದರ್ಥ. ನಾಲ್ಕನೆಯದರಲ್ಲಿ ಹಾಡುವವನು ಉಸಿರು ಎಳೆಯುವುದು ಕೇಳಿಸಿದರೆ ಮೇಲಿನದು ಸರಿ. ಹೀಗೆ ಸ್ಪೀಕರು ತಿದ್ದುತ್ತ ತಿದ್ದುತ್ತ ಒಂದು ದಿನ ಹಾಡು ಅವನನ್ನೇ ತಿದ್ದತೊಡಗಿತು. ಎರಡನೆಯದು ಕೇರಳದ ಗಡಿ ದಾಟುವ ಬಸ್ಸಿನ ಹಾಡು. ಕಂಡಕ್ಟರು ಜಾಲ್ಸೂರಿನ ಹತ್ತಿರ ಭಾಷೆ ಬದಲಿಸುವಾಗ ತಾಳವೂ ಮೆಲ್ಲ ಬದಲಾಗುತ್ತದೆ. ಅದನ್ನು ಮೊದಲ ಸಲ ಗಮನಿಸಿದಾಗ ಕಾಸಿಂ ಪಿಕಪ್ಪನ್ನು ರಸ್ತೆ ಬದಿಗೆ ನಿಲ್ಲಿಸಿ, ಒಬ್ಬನೇ ಕುಳಿತು ನಕ್ಕಿದ್ದ. ಒಂಬತ್ತನೆಯ ಹಾಡಿನಲ್ಲಿ ಮಾತೇ ಇಲ್ಲ. ಗಿಟಾರ್ ಒಂದೇ ಸ್ವರಕ್ಕೆ ಮತ್ತೆ ಮತ್ತೆ ಬಂದು ತಟ್ಟುತ್ತದೆ, ಬಾಗಿಲು ತೆರೆಯುವುದಿಲ್ಲ ಎಂದು ಗೊತ್ತಿದ್ದೂ ತಟ್ಟುವವರ ಹಾಗೆ. ಇಂಥದ್ದನ್ನು ಮಾಡಿದವರು ಈ ಮಣ್ಣಿನವರು, ನಾವು ಚಾ ಕುಡಿಯುವ ಹೋಟೆಲಿನಲ್ಲೇ ಚಾ ಕುಡಿದವರು ಎಂದು ನೆನೆದರೆ ಅವನಿಗೆ ಹೆಮ್ಮೆಯಾಗುತ್ತಿತ್ತು.

ಅದಕ್ಕೇ ಅವನು ಎಲ್ಲಿ ಸ್ಪೀಕರು ನಿಲ್ಲಿಸಿದರೂ ಮೊದಲು ಆ ಗೇಟಿನ ಹಾಡನ್ನೇ ಹಾಕಿದ. ಡ್ರಮ್, ಗಿಟಾರ್, ಗಂಟಲು ಮೂರೂ ಸರಿ ಎಂದಾದ ಕೂಡಲೇ ಮೈಕು ಕೊಡಬೇಕು, ಮನೆಯವರು ಕಾಯುತ್ತಿರುತ್ತಾರೆ. ಹಾಗಾಗಿ 'ಒಂದು ಮಾತು ಉಂಟು' ಎಂಬಲ್ಲಿಗೆ ಕೈ ತಾನಾಗಿ ಗುಂಡಿ ತಿರುಗಿಸುತ್ತಿತ್ತು. ವರ್ಷಗಳು ಕಳೆದಂತೆ ಜನ ಅದಕ್ಕೊಂದು ಕ್ರಮವನ್ನೇ ಮಾಡಿಕೊಂಡರು. ಅಂಗಳದಲ್ಲಿ ನಿಂತು ಅಡಿಕೆ ರೇಟು, ಆಸ್ಪತ್ರೆ, ಸಂಬಂಧ ಎಂದು ಮಾತಾಡುವವರು ಹಾಡು ನಿಲ್ಲುವವರೆಗೆ ಕದಲುವುದಿಲ್ಲ. "ಟೆಸ್ಟಿಂಗ್ ಪದ್ಯ ನಿಂತಿತು, ಇನ್ನು ಸುರು" ಎನ್ನುತ್ತಾ ಒಳಗೆ ಬಂದು ಕುರ್ಚಿ ಹಿಡಿಯುತ್ತಾರೆ. ಈ ಕಡೆ ಹಾಡು ಎಂದರೆ ಪದ್ಯವೇ.

ಕಡಬದ ಕಾಲೇಜಿನಲ್ಲಿ ಪಾಠ ಮಾಡುವ ದೀಪ್ತಿ ಒಂದು ಮದುವೆಯಲ್ಲಿ ನೇರವಾಗಿ ಅವನ ಮೇಜಿನ ಹತ್ತಿರ ಬಂದು ಕೇಳಿದಳು. "ಕಾಸಿಮಣ್ಣ, ಶಾಲೆಗೆ ಹೋಗುವಾಗಿಂದ ಕೇಳ್ತಾ ಇದ್ದೇನೆ. ಆ ಒಂದು ಮಾತು ಎಂತದು?"

ಕಾಸಿಮನಿಗೆ ಸ್ವರ್ಗ ಮೂರೇ ಗೇಣು. ಆದರೂ ಹೇಳಲಿಲ್ಲ. ಎಲ್ಲ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು, "ಒಂದರಿಂದ ಒಂಬತ್ತು, ಕ್ರಮದಲ್ಲೇ ಕೇಳಬೇಕು. ನಡುವಿನಿಂದ ಕೇಳಿದ್ರೆ ನನಗೆ ಗೊತ್ತಾಗ್ತದೆ" ಎಂದ. ಹೀಗೆ ಕೇಳಿದವರಿಗೆಲ್ಲ ಕೊಟ್ಟುಕೊಟ್ಟು ಅಭಿಮಾನಿಗಳ ಒಂದು ಸಣ್ಣ ಪಂಗಡವೇ ಆಯಿತು. ಮರ್ಕಂಜದಲ್ಲಿ ಬಟ್ಟೆ ಹೊಲಿಯುವ ಸೇವಂತಿ, ಸುಬ್ರಹ್ಮಣ್ಯದ ಲಾಡ್ಜುಗಳಲ್ಲಿ ಕೆಲಸಕ್ಕಿರುವ ಇಬ್ಬರು, ದೀಪ್ತಿ, ಇನ್ನೂ ಕೆಲವರು. ವಾಟ್ಸಾಪಿನಲ್ಲಿ 'ಒಂದು ಮಾತು' ಎಂದೇ ಗುಂಪು. ಆರನೆಯ ಹಾಡಿನಲ್ಲಿ ಗಿಟಾರ್ ಒಂದು ಕಡೆ ಜಾರಿದ್ದು ತಪ್ಪೋ ಬೇಕೆಂದೇ ಮಾಡಿದ್ದೋ ಎಂದು ಅಲ್ಲಿ ನಡೆದಷ್ಟು ಚರ್ಚೆ ಪಂಚಾಯತಿಯಲ್ಲಿ ನೀರಿನ ಬಗ್ಗೆಯೂ ನಡೆದಿರಲಿಕ್ಕಿಲ್ಲ.

ಹಾಡಿದವನು ಯಾರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಸೀಡಿಯ ಮೇಲೆ ತಂಡದ ಹೆಸರು ಬಿಟ್ಟರೆ ಬೇರೆ ಹೆಸರಿಲ್ಲ, ಇದ್ದ ಚಿತ್ರದಲ್ಲಿ ಬರೀ ಬೆನ್ನು. ಕೊನೆಗೆ ದೀಪ್ತಿ ಪುತ್ತೂರಿನಲ್ಲಿ ಆ ಚಿತ್ರ ತೆಗೆದ ಸ್ಟುಡಿಯೋದವನನ್ನು ಹುಡುಕಿ ಹಿಡಿದಳು. ಅಂದು ಅವಳ ಫೋನು ಬಂದಾಗ ಕಾಸಿಂ ವಯರು ಸುತ್ತುತ್ತಿದ್ದ.

"ಕಾಸಿಮಣ್ಣ, ಕೂತಿದ್ದೀರಾ? ಹಾಡಿದ್ದು ನಮ್ಮ ಅಡಿಗೆಯ ಅಚ್ಚುತಣ್ಣ."

ಮರ್ಕಂಜದ ಅಚ್ಚುತ! ಮದುವೆಗಳಿಗೆ ಅಡುಗೆ ವಹಿಸಿಕೊಳ್ಳುವ ಅಚ್ಚುತ. ಎಷ್ಟೋ ಮದುವೆಗಳಲ್ಲಿ ಮುಂದಿನ ಹಾಲಿನಲ್ಲಿ ಕಾಸಿಂ, ಹಿಂದಿನ ಅಡುಗೆ ಕೋಣೆಯಲ್ಲಿ ಅಚ್ಚುತ, ನಡುವೆ ಒಂದು ಗೋಡೆ. ಮೊನ್ನೆಯಷ್ಟೇ ಅವನ ಕೈಯ ಸಾರನ್ನು ಎರಡು ಸಲ ಕೇಳಿ ಹಾಕಿಸಿಕೊಂಡಿದ್ದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು. ಕಾಸಿಮನಿಗೆ ಅಂದು ಊಟ ಸೇರಲಿಲ್ಲ. ಏನು ಹೇಳುವುದು, ಎಲ್ಲಿಂದ ಸುರು ಮಾಡುವುದು ಎಂದು ಮದುಮಗನ ಹಾಗೆ ಕನ್ನಡಿ ಮುಂದೆ ನಿಂತು ಮಾತು ಕಟ್ಟಿದ.

ಮುಂದಿನ ಮದುವೆ ಸುಳ್ಯದಲ್ಲಿತ್ತು. ಬೆಳಿಗ್ಗೆ ಎಂದಿನಂತೆ ಹಾಡು ಹಾಕಿ, ಎಂದಿನಂತೆ ತುಂಡು ಮಾಡಿ, ಅವನು ಸೀದಾ ಅಡುಗೆ ಕೋಣೆಗೆ ಹೋದ. ಅಚ್ಚುತ ಸಾಂಬಾರಿನ ಹಂಡೆಯ ಮುಂದೆ ನಿಂತಿದ್ದ.

"ಅಚ್ಚುತಣ್ಣ, ಆ ಪದ್ಯ ನಿಮ್ಮದಂತೆ, ಹೌದಾ?"

"ಯಾವ ಪದ್ಯ?"

"ನಾನು ಹಾಕುದು."

"ನೀವು ಹಾಕುದಲ್ಲ, ತುಂಡು ಮಾಡುದು." ಅಚ್ಚುತ ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಇಷ್ಟು ವರ್ಷ ಈ ಗೋಡೆಯ ಈಚೆ ನಿಂತು ಕೇಳಿದ್ದೇನೆ ಮಾರಾಯ್ರೆ. ಇನ್ನೂ ಒಂದು ಮಾತು ಉಂಟು ಅಂತ ನಾನು ಹೇಳುದು, ಸಾಕು ಬಾಯಿ ಮುಚ್ಚು ಅಂತ ನೀವು ಹೇಳುದು. ಇಲ್ಲಿ ತೆಂಗಿನಕಾಯಿ ತುರಿಯುವವರು, ಬಂತು ಟೆಸ್ಟಿಂಗ್ ಪದ್ಯ ಅಂತ ನಗಾಡುದು. ಅವರಿಗೆ ಗೊತ್ತಿಲ್ಲ. ನನಗೆ ಗೊತ್ತುಂಟಲ್ಲ? ಪೂರಾ ಕೇಳ್ಲಿಕ್ಕೆ ಯೋಗ್ಯತೆ ಇಲ್ಲ ಅಂತಲೇ ಅಲ್ವಾ ಅದನ್ನು ಟೆಸ್ಟಿಂಗಿಗೆ ಇಟ್ಟದ್ದು?"

ಕನ್ನಡಿ ಮುಂದೆ ಕಾಸಿಂ ಕಟ್ಟಿದ್ದ ಮಾತು ಬೇರೆ. ಆ ಹಾಡಿಗಿಂತ ಒಳ್ಳೆಯದು ಲೋಕದಲ್ಲಿ ಸಿಗಲಿಲ್ಲವೆಂದೇ ಅದನ್ನು ಹಾಕಿದ್ದು ಎಂದು ಹೇಳಬೇಕಿತ್ತು. ಹೊರಗೆ ಬಂದದ್ದು ಇಷ್ಟೇ: "ಅದು ಒಳ್ಳೆ ಪದ್ಯ."

"ಉಪ್ಪು ಹಾಕ್ಲಿಕ್ಕುಂಟು, ನೀವು ಹೋಗಿ" ಎಂದ ಅಚ್ಚುತ.

ಮನೆಗೆ ಬಂದು ಕಾಸಿಂ ರಸೀನಾಳಿಗೆ ಎಲ್ಲ ಹೇಳಿದ. ಅವಳು ಸಮಾಧಾನ ಮಾಡುವ ಹೆಂಗಸಲ್ಲ. "ಬಡಿಸಿದ ಎಲೆಯನ್ನು ಮೊದಲ ತುತ್ತಿಗೇ ಎಳೆದ ಹಾಗೆ ಮಾಡಿದ್ದೀರಿ ನೀವು. ಅದೂ ದಿನಾ. ಪ್ರೀತಿಯಿಂದ ಎಳೆದದ್ದು ಅಂತ ಅವರಿಗೆ ಹೇಗೆ ಗೊತ್ತಾಗುದು?" ಎಂದಳು. ಅದು ಸರಿ ಎಂದು ಅವನಿಗೂ ಗೊತ್ತಿತ್ತು. ಲೋಕದಲ್ಲಿ ತಾನು ಅತಿ ಹೆಚ್ಚು ಮೆಚ್ಚಿದ ಮನುಷ್ಯನನ್ನು ತನ್ನದೇ ಕೈ ಇಷ್ಟು ವರ್ಷ ನೋಯಿಸಿತ್ತು. ಆ ನೋವು ತೆಗೆಯದೆ ಇನ್ನು ಆ ಹಾಡನ್ನು ಮುಟ್ಟುವುದಿಲ್ಲ ಎಂದು ಅವನು ನಿಶ್ಚಯ ಮಾಡಿದ. ಹೇಗೆ ತೆಗೆಯುವುದು ಎಂದು ಮಾತ್ರ ಹೊಳೆಯಲಿಲ್ಲ.

ಅಂದಿನಿಂದ ಅವನ ಪಿಕಪ್ಪಿನಲ್ಲೂ ಹಾಡಿಲ್ಲ, ಹಾಲಿನಲ್ಲೂ ಹಾಡಿಲ್ಲ. ಬರೀ "ಹಲೋ, ಹಲೋ." ಸ್ಪೀಕರು ಸರಿ ಇದೆಯೆಂದು ಅವನಿಗೇ ನಂಬಿಕೆ ಬರುತ್ತಿರಲಿಲ್ಲ. ಗುಂಪಿನಲ್ಲಿ ಸೇವಂತಿ "ಎಂತ ಕಾಸಿಮಣ್ಣ, ಉಪವಾಸವಾ?" ಎಂದು ಕೇಳಿದಳು.

ಹೀಗಿರುವಾಗ ದೀಪ್ತಿಯ ತಮ್ಮನ ಮದುವೆ ಕಡಬದಲ್ಲಿ ಬಂತು. ಮೈಕು ಕಾಸಿಮನದು, ಅಡುಗೆ ಅಚ್ಚುತನದು. ನಿರೂಪಣೆಗೆ ದೀಪ್ತಿಯ ಸೋದರಮಾವ ಹರಿಪ್ರಸಾದ್ ಇದ್ದರು. ಮೈಕು ಕಂಡರೆ ಹಸಿವು ನೀರಡಿಕೆ ಮರೆಯುವ ಮನುಷ್ಯ. ಕಾಸಿಂ "ಹಲೋ, ಹಲೋ" ಎಂದು ಮೈಕನ್ನು ಅವರಿಗೆ ಕೊಟ್ಟ. ಅವರು ಸ್ವಾಗತ ಸುರು ಮಾಡಿದರು. ಹಾಲಿನಲ್ಲಿ ಕುರ್ಚಿಗಳು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಜನವೆಲ್ಲ ಅಂಗಳದಲ್ಲಿತ್ತು. "ದಯವಿಟ್ಟು ಎಲ್ಲರೂ ಒಳಗೆ ಬರಬೇಕು" ಎಂದು ಹರಿಪ್ರಸಾದ್ ಕೂಗಿದರು. "ಮುಹೂರ್ತ ಹತ್ತಿರ ಬಂತು" ಎಂದರು. ಕೊನೆಗೆ ಗದರಿಸಿದರು. ಅಂಗಳದಲ್ಲಿ ಒಬ್ಬರು ಇನ್ನೊಬ್ಬರಿಗೆ ಸಮಾಧಾನವಾಗಿ ಹೇಳಿದರು: "ಅದು ಮೈಕ್ ಸರಿ ಮಾಡುದು. ಪದ್ಯವೇ ಬರ್ಲಿಲ್ಲ ಇನ್ನೂ."

ದೀಪ್ತಿ ಸೀರೆಯ ನೆರಿಗೆ ಹಿಡಿದುಕೊಂಡು ಓಡಿ ಬಂದಳು. "ಕಾಸಿಮಣ್ಣ, ಹಾಕಿ ಮಾರಾಯ್ರೆ! ಹುಡುಗಿ ಕಡೆಯವರು ಮೋರೆ ಮೋರೆ ನೋಡ್ತಿದ್ದಾರೆ."

"ಅವರು ಹೇಳದೆ ನಾನು ಹಾಕುದಿಲ್ಲ."

"ಹಾಗಾದ್ರೆ ಹೋಗಿ ಕೇಳಿ."

ಕಾಸಿಂ ಎದ್ದು ನಿಂತ. ಇನ್ನೊಮ್ಮೆ ಆ ಮನುಷ್ಯನ ಮುಂದೆ ನಿಂತು ಏನೆಂದು ಕೇಳುವುದು? ಆಗ ಅಡುಗೆ ಕೋಣೆಯ ಬಾಗಿಲು ತೆರೆದು ಅಚ್ಚುತನೇ ಬಂದ, ಹೆಗಲ ಬೈರಾಸಿಗೆ ಕೈ ಒರೆಸುತ್ತಾ.

"ಎಂತ, ಇವತ್ತೂ ಪದ್ಯ ಇಲ್ವಾ?"

"ನೀವು ಬೇಡ ಅಂತ..."

"ನಾನು ತುಂಡು ಮಾಡುದು ಬೇಡ ಅಂತ ಹೇಳಿದ್ದು." ಅಚ್ಚುತ ನೆಲ ನೋಡಿದ. "ಆ ದಿನದಿಂದ ಪ್ರತಿ ಮದುವೆಯಲ್ಲಿ ಕಿವಿ ಕೊಟ್ಟು ಕಾಯ್ತಾ ಇದ್ದೇನೆ. ನನಗೇ ನಾಚಿಕೆ ಆಗ್ತದೆ ಹೇಳ್ಲಿಕ್ಕೆ. ಹಾಕಿ. ಹಾಕುದಾದ್ರೆ ಪೂರಾ ಹಾಕಿ."

ಡ್ರಮ್ ಬಿದ್ದ ಕೂಡಲೇ ಅಂಗಳದ ಮಾತು ತಗ್ಗಿತು. ಗಿಟಾರ್ ಬಂತು, ಗಂಟಲು ಬಂತು. 'ಇನ್ನೂ ಒಂದು ಮಾತು ಉಂಟು' ಎಂಬಲ್ಲಿಗೆ ಜನ ರೂಢಿಯಂತೆ ಬಾಗಿಲ ಕಡೆ ಹೊರಟರು, ಹರಿಪ್ರಸಾದ್ ರೂಢಿಯಂತೆ ಬಾಯಿ ತೆರೆದರು. ಕಾಸಿಂ ಜೀವಮಾನದಲ್ಲಿ ಯಾರಿಗೂ ಮೈಕು ಇಲ್ಲವೆಂದವನಲ್ಲ. ಅಂದು ಅವರ ಕೈಯಿಂದ ಮೈಕನ್ನು ಮೆಲ್ಲನೆ ಬಿಡಿಸಿ ತನ್ನ ಮಡಿಲಲ್ಲಿ ಇಟ್ಟುಕೊಂಡ. "ಪದ್ಯ ಮುಗಿಯಲಿ ಸಾರ್" ಎಂದ.

ಹಾಡು ಮುಂದುವರಿಯಿತು. ಬಾಗಿಲು ದಾಟುತ್ತಿದ್ದವರು ಅಲ್ಲೇ ನಿಂತರು. ಬೆನ್ನ ಹಿಂದೆ ಇದ್ದವರು ದೂಡಿದರು, ಆಮೇಲೆ ಅವರೂ ನಿಂತರು. ಇಷ್ಟು ವರ್ಷ ಗೇಟಿನ ಹತ್ತಿರ ಕಾಯುತ್ತಿದ್ದ ಆ ಹುಡುಗ ಈಗ ತನ್ನ ಮಾತನ್ನು ಹೇಳಲು ಒದ್ದಾಡುತ್ತಿದ್ದ. ಹೇಳುತ್ತೇನೆ ಎಂದ, ಸುಮ್ಮನಾದ, ಗಿಟಾರ್ ಒಂದು ಸುತ್ತು ಸುತ್ತಿ ಬಂತು, ಮತ್ತೆ ಹೇಳುತ್ತೇನೆ ಎಂದ. ಕೊನೆಗೆ ಬಾಯಿಂದ ಬಿದ್ದ ಮಾತು: 'ನೀನು ಕೊಡೆ ಮರೆತಿದ್ದೀ.'

ಇಡೀ ಹಾಲು ಗೊಳ್ಳೆಂದು ನಕ್ಕಿತು. ಹುಡುಗಿ ಕಡೆಯ ಬಿಗಿದ ಮೋರೆಗಳೂ ನಕ್ಕವು. ಹಾಡು ಇನ್ನೂ ಮುಗಿದಿರಲಿಲ್ಲ. ಡ್ರಮ್ ನಿಂತಿತು. ಆ ಹುಡುಗ ಅದೇ ಮಾತನ್ನು ಮತ್ತೊಮ್ಮೆ, ಈಗ ತನಗೆ ತಾನೇ ಎಂಬಂತೆ, ಮೆಲ್ಲಗೆ ಹೇಳಿದ. ಅವಳು ಹೋಗಿಯಾಗಿತ್ತು ಎಂದು ಎಲ್ಲರಿಗೂ ತಿಳಿಯಿತು. ನಗು ಒಬ್ಬೊಬ್ಬರ ಮುಖದಿಂದ ಇಳಿಯಿತು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು "ಅಯ್ಯೋ ಪಾಪದ ಹುಡುಗ, ಹೇಳ್ಬಹುದಿತ್ತು" ಎಂದು ಗಟ್ಟಿಯಾಗಿಯೇ ಹೇಳಿದರು.

ಅಚ್ಚುತ ದೊಡ್ಡ ಸ್ಪೀಕರಿನ ಪಕ್ಕ ಅಲುಗಾಡದೆ ನಿಂತಿದ್ದ. ತಾನು ಮಾಡಿದ್ದನ್ನು ಅವನು ಮನೆಯ ಸಣ್ಣ ಸೀಡಿ ಪೆಟ್ಟಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ಪೂರ್ತಿ ಕೇಳಿದವನಲ್ಲ. ಅವನ ತುಟಿ ಅಲುಗುತ್ತಿತ್ತು, ಕಣ್ಣಲ್ಲಿ ನೀರಿತ್ತು. ಕಾಸಿಮನೂ ಅತ್ತ. ಅದನ್ನು ಮುಚ್ಚಿಡಲು ಅವನು ಏನೂ ಮಾಡಲಿಲ್ಲ, ಕೈ ಗುಂಡಿಯ ಮೇಲಿತ್ತು.

ಮದುವೆ ಚೆನ್ನಾಗಿಯೇ ಆಯಿತು. ಅನ್ನ ಮಾತ್ರ ಬೆಂದು ಮುದ್ದೆಯಾಗಿತ್ತು. ಹಾಡು ಮುಗಿಯುವವರೆಗೆ ಒಲೆಯ ಹತ್ತಿರ ಯಾರೂ ಇರಲಿಲ್ಲ, ತೆಂಗಿನಕಾಯಿ ತುರಿಯುವವರೂ ಬಾಗಿಲಿಗೆ ಬಂದಿದ್ದರು. ಹುಡುಗಿ ಕಡೆಯವರಲ್ಲಿ ಯಾರೋ ಗೊಣಗಿದರು. ಅಚ್ಚುತ ಯಾರಲ್ಲೂ ಕ್ಷಮೆ ಕೇಳಲಿಲ್ಲ.

ವಯರುಗಳನ್ನೆಲ್ಲ ಸುತ್ತಿಟ್ಟು ಕಾಸಿಂ ಊಟಕ್ಕೆ ಕುಳಿತಾಗ ಕೊನೆಯ ಪಂಕ್ತಿ ನಡೆಯುತ್ತಿತ್ತು. ಅಡುಗೆಯವರು ಬಡಿಸುವ ಕ್ರಮವಿಲ್ಲ. ಆದರೂ ಸಾರಿನ ಬಾಲ್ದಿ ಹಿಡಿದು ಬಂದದ್ದು ಅಚ್ಚುತನೇ. ಒಂದು ಸೌಟು ಹಾಕಿ, ಮುಂದೆ ಹೋಗದೆ ಅಲ್ಲೇ ನಿಂತ.

"ಒಂದು ಕೇಳ್ತೇನೆ, ಬೇಸರ ಮಾಡ್ಬೇಡಿ. ಇಷ್ಟರವರೆಗೆ ಯಾರಲ್ಲೂ ಕೇಳ್ಲಿಕ್ಕೆ ಆಗಿರಲಿಲ್ಲ. ಒಂಬತ್ತರಲ್ಲಿ ನಿಮಗೆ ಯಾವುದು ಹೆಚ್ಚು ಇಷ್ಟ?"

"ಏಳನೆಯದು" ಎಂದ ಕಾಸಿಂ, ತಡಮಾಡದೆ. ಕರೆಂಟು ಹೋದ ಮನೆಯಲ್ಲಿ ಅಪ್ಪ, ಮಗ ಒಬ್ಬರ ಮೋರೆ ಒಬ್ಬರಿಗೆ ಕಾಣದೆ ಸ್ವಲ್ಪ ಹೊತ್ತು ಮಾತಾಡುವ ಹಾಡು ಅದು. ತಾಳವಿಲ್ಲ, ರಾಗವೂ ಇಲ್ಲದಷ್ಟು ಮೆಲ್ಲಗೆ. "ಅದನ್ನು ಮಾತ್ರ ನಾನು ಯಾವ ಹಾಲಿನಲ್ಲೂ ಹಾಕ್ಲಿಲ್ಲ."

"ಎಂತಕ್ಕೆ?"

"ಅದರಲ್ಲಿ ಟೆಸ್ಟ್ ಮಾಡ್ಲಿಕ್ಕೆ ಎಂತದೂ ಇಲ್ಲ ಅಚ್ಚುತಣ್ಣ. ಕೇಳ್ಲಿಕ್ಕೆ ಮಾತ್ರ ಉಂಟು."

ಅಚ್ಚುತ ಬಾಲ್ದಿಯನ್ನು ನೆಲದ ಮೇಲಿಟ್ಟು, ಪಕ್ಕದ ಕುರ್ಚಿ ಎಳೆದು ಕುಳಿತ. ಆ ಪಂಕ್ತಿಯ ಉಳಿದವರಿಗೆ ಸಾರು ಬರಲು ಬಹಳ ತಡವಾಯಿತು.